ಬೆಟ್ಟ ಇಳಿದ ಕಾಲಿಗೆ ಮಸಾಜ್ ಗನ್: ಎಷ್ಟು, ಎಲ್ಲಿ, ಯಾವಾಗ

ಚಾಮುಂಡಿ ಬೆಟ್ಟದ ಸಾವಿರದಷ್ಟು ಮೆಟ್ಟಿಲುಗಳನ್ನು ಬೆಳಗಿನ ಜಾವ ಹತ್ತಿ, ದರ್ಶನ ಮುಗಿಸಿ, ಅದೇ ಮೆಟ್ಟಿಲುಗಳಲ್ಲಿ ಇಳಿದು ಬಂದವರು ಆ ದಿನ ಸಂಜೆಯವರೆಗೆ ಹಗುರವಾಗಿಯೇ ಓಡಾಡಿಕೊಂಡಿರುತ್ತಾರೆ. ಮರುದಿನ ಬೆಳಿಗ್ಗೆ ತೊಡೆ ಬಿಗಿಯುತ್ತದೆ. ಅದರ ಮರುದಿನ ಕುರ್ಚಿಯಿಂದ ಏಳುವುದಕ್ಕೂ ಮೇಜಿನ ಆಸರೆ ಬೇಕಾಗುತ್ತದೆ. ಹತ್ತುವಾಗ ಏದುಸಿರು ಬಂದಿದ್ದರಿಂದ ನೋವಿಗೂ ಹತ್ತಿದ್ದೇ ಕಾರಣವೆಂದು ನಾವು ತಿಳಿಯುತ್ತೇವಾದರೂ, ಅದಕ್ಕೆ ಮುಖ್ಯ ಕಾರಣ ಇಳಿದದ್ದು. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಮೈಭಾರವನ್ನು ತಡೆದು ಹಿಡಿಯುತ್ತಲೇ ಉದ್ದವಾಗಬೇಕಾಗುತ್ತದೆ, ಮತ್ತು ಹೀಗೆ ಬಿಗಿಹಿಡಿದೇ ಚಾಚಿಕೊಳ್ಳುವ ಕೆಲಸದಲ್ಲಿ ಸ್ನಾಯುವಿನ ಎಳೆಗಳಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪೆಟ್ಟುಗಳು ಬೀಳುತ್ತವೆ. ಆ ಪೆಟ್ಟಿಗೆ ದೇಹ ತೋರುವ ಉರಿಯೂತದ ಪ್ರತಿಕ್ರಿಯೆ ನಿಧಾನವಾಗಿ ಬಲಿಯುವುದರಿಂದ ನೋವು 12ರಿಂದ 24 ಗಂಟೆಗಳ ಬಳಿಕ ಕಾಣಿಸಿಕೊಂಡು, 24ರಿಂದ 72 ಗಂಟೆಗಳ ನಡುವೆ ಅತಿ ಹೆಚ್ಚಾಗಿ, ಸಾಮಾನ್ಯವಾಗಿ ವಾರದೊಳಗೆ ತಾನಾಗಿಯೇ ಹೋಗುತ್ತದೆ. ಜಿಮ್‌ಗಳಲ್ಲಿ ಇಂದಿಗೂ ಕೇಳಿಬರುವ ‘ಲ್ಯಾಕ್ಟಿಕ್ ಆಮ್ಲ ಕಟ್ಟಿಕೊಂಡಿದೆ’ ಎಂಬ ವಿವರಣೆ ಇದಕ್ಕೆ ಒಪ್ಪುವುದಿಲ್ಲ. ಆ ಆಮ್ಲ ವ್ಯಾಯಾಮ ನಿಂತ ಒಂದೆರಡು ಗಂಟೆಗಳಲ್ಲೇ ರಕ್ತದಿಂದ ತೊಲಗಿರುತ್ತದೆ.

ಸ್ನಾಯುವನ್ನು ಬಡಿದು ಸಡಿಲಿಸುವ ಕೈಯಂತ್ರವಾದ ಮಸಾಜ್ ಗನ್ ಕೈಗೆತ್ತಿಕೊಳ್ಳುವ ಮುನ್ನ ಇಷ್ಟು ತಿಳಿದಿರುವುದು ಅವಶ್ಯ. ಏಕೆಂದರೆ ‘ಕಟ್ಟಿಕೊಂಡದ್ದನ್ನು ಒಡೆಯಬೇಕು’ ಎಂಬ ಭಾವನೆಯಲ್ಲಿ ಯಂತ್ರವನ್ನು ಬಲವಾಗಿ ಒತ್ತುವವರೇ ಹೆಚ್ಚು, ಮತ್ತು ಒಡೆಯಬೇಕಾದದ್ದು ಅಲ್ಲಿ ಏನೂ ಇಲ್ಲ.

ಯಂತ್ರ ನಿಜವಾಗಿ ಮಾಡುವುದೇನು

ಇದರ ಹುಟ್ಟು ಸ್ವಾರಸ್ಯಕರವಾಗಿದೆ. 2007ರಲ್ಲಿ ಮೋಟಾರ್‌ಸೈಕಲ್ ಅಪಘಾತಕ್ಕೆ ಸಿಕ್ಕಿದ ಅಮೆರಿಕದ ಕೈರೋಪ್ರಾಕ್ಟರ್ (ಬೆನ್ನೆಲುಬು, ಕೀಲುಗಳಿಗೆ ಕೈಯಿಂದ ಚಿಕಿತ್ಸೆ ನೀಡುವವರು) ಜೇಸನ್ ವರ್ಸ್‌ಲ್ಯಾಂಡ್ ತಮ್ಮ ನೋವಿಗೆಂದು ಮರಗೆಲಸದ ವಿದ್ಯುತ್ ಉಪಕರಣವನ್ನು ಮಾರ್ಪಡಿಸಿಕೊಂಡದ್ದೇ ಮುಂದೆ ಥೆರಾಗನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಇಂದಿನ ಯಂತ್ರಗಳೂ ತತ್ತ್ವದಲ್ಲಿ ಅವೇ: ಮೋಟಾರಿನ ತಿರುಗುವಿಕೆ ತಲೆಯೊಂದನ್ನು ಹಿಂದೆ ಮುಂದೆ ತಳ್ಳುತ್ತದೆ, ಆ ತಲೆ ನಿಮಿಷಕ್ಕೆ ಸುಮಾರು 1,500ರಿಂದ 3,200 ಬಾರಿ ಚರ್ಮವನ್ನು ಬಡಿಯುತ್ತದೆ.

ಹರಿದ ಎಳೆ ಈ ಬಡಿತದಿಂದ ಬೇಗ ಕೂಡಿಕೊಳ್ಳುತ್ತದೆ ಎನ್ನಲು ಆಧಾರವಿಲ್ಲ. ಇದರ ಫಲ ಹೆಚ್ಚಾಗಿ ನರಮಂಡಲದಲ್ಲಿದೆ. ಮೊಣಕೈ ಗೋಡೆಗೆ ತಗುಲಿದಾಗ ನಾವು ತಿಳಿಯದೆಯೇ ಆ ಜಾಗವನ್ನು ಉಜ್ಜಿಕೊಳ್ಳುತ್ತೇವೆ. ಉಜ್ಜಿದ ಸ್ಪರ್ಶದ ಸಂದೇಶ ಬೆನ್ನುಹುರಿಯಲ್ಲಿ ನೋವಿನ ಸಂದೇಶಕ್ಕೆ ಅಡ್ಡ ನಿಲ್ಲುತ್ತದೆ ಎಂಬ ವಿವರಣೆಯನ್ನು ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು 1965ರಲ್ಲಿ ಮುಂದಿಟ್ಟರು. ಮಸಾಜ್ ಗನ್ ನೀಡುವ ಆರಾಮವನ್ನೂ ಬಹುಮಟ್ಟಿಗೆ ಹೀಗೆಯೇ ಅರ್ಥಮಾಡಿಕೊಳ್ಳಬಹುದು. ಅದು ಸುಳ್ಳು ಆರಾಮವಲ್ಲ, ಆದರೆ ಸ್ವಲ್ಪ ಹೊತ್ತಿನದು.

ಅಧ್ಯಯನಗಳೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತವೆ. 2020ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 16 ಪುರುಷರ ಮೀನಖಂಡಕ್ಕೆ 5 ನಿಮಿಷ ಮಸಾಜ್ ಗನ್ ಬಳಸಿದಾಗ ಪಾದವನ್ನು ಮೇಲಕ್ಕೆ ಬಾಗಿಸುವ ವ್ಯಾಪ್ತಿ ಸುಮಾರು 5 ಡಿಗ್ರಿ ಹೆಚ್ಚಿತು. ಸ್ನಾಯುವಿನ ಬಲ ಹೆಚ್ಚಲೂ ಇಲ್ಲ, ಕುಗ್ಗಲೂ ಇಲ್ಲ. ಕೈಯಿಂದ ಮಾಡುವ ಮಾಲೀಶಿನ ಬಗ್ಗೆ ಪುರಾವೆ ಇನ್ನಷ್ಟು ವಿಸ್ತಾರವಾಗಿದೆ: ಅದೇ ವರ್ಷ 29 ಅಧ್ಯಯನಗಳನ್ನು ಒಟ್ಟಾಗಿ ತೂಗಿದ ವಿಮರ್ಶೆಯೊಂದು, ಮಾಲೀಶಿನಿಂದ ಓಟ, ಜಿಗಿತ, ಬಲಗಳಲ್ಲಿ ಸುಧಾರಣೆ ಕಾಣುವುದಿಲ್ಲ, ಆದರೆ ನೋವಿನಲ್ಲಿ ಮತ್ತು ಮೈ ಬಾಗುವಿಕೆಯಲ್ಲಿ ಸಣ್ಣ ಪ್ರಯೋಜನವಿದೆ ಎಂದು ಕಂಡುಕೊಂಡಿತು. ಆದ್ದರಿಂದ ‘ನೋವು ಕಡಿಮೆಯಾಗಿದೆ’ ಎಂಬುದನ್ನು ‘ಸ್ನಾಯು ಸಿದ್ಧವಾಗಿದೆ’ ಎಂದು ಓದಿಕೊಂಡು ಮರುದಿನವೇ ಮತ್ತೆ ಭಾರದ ಬಸ್ಕಿ ಹೊಡೆಯಲು ಹೋಗಬಾರದು.

ಬಳಸುವ ಕ್ರಮ

ವ್ಯಾಯಾಮ ಮುಗಿದ ಕೂಡಲೇ ಯಂತ್ರಕ್ಕೆ ಕೈ ಹಾಕುವ ಅವಸರ ಬೇಡ. ಐದು ಹತ್ತು ನಿಮಿಷ ನಿಧಾನವಾಗಿ ನಡೆದು, ನೀರು ಕುಡಿದು, ಉಸಿರು ಸಮಸ್ಥಿತಿಗೆ ಬಂದ ಮೇಲೆ ಬಳಸಿದರೆ ಸಾಕು. ನೋವು ಕಾಣಿಸಿಕೊಳ್ಳುವ ಮರುದಿನ ಮತ್ತು ಮೂರನೆಯ ದಿನ ಬಳಸಿದರೂ ತಡವಾಯಿತೆಂದು ಭಾವಿಸಬೇಕಾಗಿಲ್ಲ. ನನ್ನ ಅನುಭವದಲ್ಲಿ ಇದು ಹೆಚ್ಚು ಉಪಯೋಗಕ್ಕೆ ಬರುವುದು ಮೂರನೆಯ ದಿನ ಬೆಳಿಗ್ಗೆ, ನಡೆಯಲು ಹೊರಡುವ ಮೊದಲು. ಬಿಗಿತ ಸಡಿಲಿಸಿ ಹೆಜ್ಜೆ ಹಾಕಲು ಧೈರ್ಯ ಬರುತ್ತದೆ, ಮುಂದಿನ ಕೆಲಸವನ್ನು ನಡಿಗೆಯೇ ಮಾಡುತ್ತದೆ.

ಸ್ನಾಯು ಸಡಿಲವಾಗಿರುವಂತೆ ಕುಳಿತುಕೊಳ್ಳುವುದು ಎಲ್ಲಕ್ಕಿಂತ ಮುಖ್ಯವಾದದ್ದು, ಮತ್ತು ಹೆಚ್ಚಿನವರು ಮರೆಯುವುದೂ ಇದನ್ನೇ. ನಿಂತುಕೊಂಡು ತೊಡೆಗೆ ಬಡಿದುಕೊಂಡರೆ ಮೈಭಾರ ಹೊತ್ತು ಬಿಗಿದಿರುವ ಸ್ನಾಯುವಿಗೆ ಬಡಿದಂತಾಗುತ್ತದೆ. ತೊಡೆಯ ಮುಂಭಾಗಕ್ಕಾದರೆ ಮಂಚದ ಮೇಲೆ ಕಾಲು ಚಾಚಿ, ಮೊಣಕಾಲಿನ ಕೆಳಗೆ ಸುತ್ತಿದ ಟವೆಲ್ ಇಟ್ಟುಕೊಳ್ಳಿ. ಮೀನಖಂಡಕ್ಕಾದರೆ ಕುರ್ಚಿಯಲ್ಲಿ ಕುಳಿತು ಒಂದು ಕಾಲಿನ ಹರಡನ್ನು ಇನ್ನೊಂದು ಕಾಲಿನ ತೊಡೆಯ ಮೇಲಿರಿಸಿ. ತೊಡೆಯ ಹಿಂಭಾಗಕ್ಕೆ ಮನೆಯಲ್ಲಿ ಇನ್ನೊಬ್ಬರಿದ್ದರೆ ಬೋರಲು ಮಲಗಿ ಅವರ ಸಹಾಯ ಪಡೆಯುವುದು ಉತ್ತಮ, ಆದರೆ ‘ಜೋರಾಗಿ ಒತ್ತಲೇ?’ ಎಂದು ಅವರು ಕೇಳಿದರೆ ಬೇಡವೆನ್ನಿ.

ಚೆಂಡಿನಾಕಾರದ ಮೆದುವಾದ ತಲೆ ಮತ್ತು ಅತಿ ಕಡಿಮೆ ವೇಗದಿಂದ ಪ್ರಾರಂಭಿಸಬೇಕು. ಯಂತ್ರದ ಸ್ವಂತ ತೂಕವೇ ಒತ್ತಡಕ್ಕೆ ಸಾಕು. ಕೈ ಅದಕ್ಕೆ ದಾರಿ ತೋರಿಸಿದರೆ ಆಯಿತು. ಒಂದು ಸೆಕೆಂಡಿಗೆ ಎರಡು ಮೂರು ಸೆಂಟಿಮೀಟರ್‌ನಷ್ಟು ನಿಧಾನವಾಗಿ ಸ್ನಾಯುವಿನ ಉದ್ದಕ್ಕೆ ಜಾರಿಸುತ್ತ ಹೋಗಿ, ಹೆಚ್ಚು ನೋಯುವ ಜಾಗದಲ್ಲಿ ಹತ್ತು ಹದಿನೈದು ಸೆಕೆಂಡು ನಿಂತು, ಮುಂದೆ ಸಾಗಿ. ಒಂದು ಸ್ನಾಯುವಿಗೆ ಒಂದರಿಂದ ಎರಡು ನಿಮಿಷ, ಒಟ್ಟಾರೆ ಹತ್ತು ನಿಮಿಷ ಸಾಕು. ನೋವನ್ನು ಹತ್ತಕ್ಕೆ ಅಳೆದರೆ ಮೂರು ನಾಲ್ಕನ್ನು ದಾಟಬಾರದು. ಹಲ್ಲು ಕಚ್ಚಿ ತಡೆದುಕೊಳ್ಳುವ ಪರಿಸ್ಥಿತಿ ಬಂದರೆ ಸ್ನಾಯು ಇನ್ನಷ್ಟು ಬಿಗಿಯುತ್ತದೆ, ಉದ್ದೇಶವೇ ಕೆಡುತ್ತದೆ.

ನಮ್ಮ ಮನೆಗಳಲ್ಲಿ ಮೈ ನೋವೆಂದರೆ ಕೈ ಎಣ್ಣೆಯ ಬಟ್ಟಲಿಗೇ ಹೋಗುತ್ತದೆ. ಎಣ್ಣೆ ಹಚ್ಚಿ ಅದರ ಮೇಲೆ ಗನ್ ಓಡಿಸಿದರೆ ತಲೆ ಜಾರಿ ಮೂಳೆಗೆ ಬಡಿಯುವ ಸಂಭವವಿದೆ, ಎಣ್ಣೆ ಯಂತ್ರದೊಳಗೂ ಇಳಿಯುತ್ತದೆ. ಎಣ್ಣೆ ನೀರು ಬೇರೆ, ಗನ್ ಬೇರೆ. ತೆಳುವಾದ ಹತ್ತಿ ಬಟ್ಟೆಯ ಮೇಲಿಂದ ಬಳಸುವುದೇ ಸರಿ.

ಬಳಸಬಾರದ ಜಾಗ, ಬಳಸಬಾರದ ಹೊತ್ತು

ಮೊಣಕಾಲಿನ ಚಿಪ್ಪು, ಮುಂಗಾಲಿನ ಮೂಳೆ, ಬೆನ್ನೆಲುಬು, ಪಕ್ಕೆಲುಬುಗಳ ಮೇಲೆ ಯಂತ್ರ ತಾಗಬಾರದು. ಮೊಣಕಾಲಿನ ಹಿಂದಿನ ಕುಳಿ, ತೊಡೆಸಂದು ಮತ್ತು ಕಂಕುಳಲ್ಲಿ ದೊಡ್ಡ ರಕ್ತನಾಳಗಳು ಮತ್ತು ನರಗಳು ಚರ್ಮಕ್ಕೆ ಹತ್ತಿರವಾಗಿ ಹಾಯುತ್ತವೆ. ಕುತ್ತಿಗೆಯನ್ನು ಪೂರ್ತಿಯಾಗಿ ಬಿಟ್ಟುಬಿಡಿ ಎಂಬುದು ನನ್ನ ಸಲಹೆ: ಪದೇ ಪದೇ ಕುತ್ತಿಗೆಗೆ ಮಸಾಜ್ ಗನ್ ಬಳಸಿದ ಯುವತಿಯೊಬ್ಬರಲ್ಲಿ ಮಿದುಳಿಗೆ ರಕ್ತ ಒಯ್ಯುವ ನಾಳದ ಒಳಪದರ ಸೀಳಿದ ಪ್ರಕರಣ ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿದೆ.

ಉಳುಕಿ ಊದಿಕೊಂಡ ಕಾಲಿಗೆ, ಕಪ್ಪುಗಟ್ಟಿದ ಜಾಗಕ್ಕೆ, ಹೊಸ ಗಾಯಕ್ಕೆ, ಉಬ್ಬಿದ ವೆರಿಕೋಸ್ ನಾಳಗಳಿಗೆ ಇದು ಸಲ್ಲದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಮೂಳೆ ಸವೆತವಿರುವವರು, ಪೇಸ್‌ಮೇಕರ್ ಹಾಕಿಸಿಕೊಂಡವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಬಳಸಬಾರದು. ಬಹುಕಾಲದ ಮಧುಮೇಹದಿಂದ ಪಾದ ಮತ್ತು ಕಾಲುಗಳ ಸ್ಪರ್ಶಜ್ಞಾನ ಕುಗ್ಗಿರುವವರನ್ನು ಇಲ್ಲಿ ವಿಶೇಷವಾಗಿ ಹೆಸರಿಸಬೇಕು, ಏಕೆಂದರೆ ‘ನೋವಾದರೆ ನಿಲ್ಲಿಸಿ’ ಎಂಬ ಎಚ್ಚರಿಕೆಯೇ ಅವರಿಗೆ ಕೆಲಸ ಮಾಡುವುದಿಲ್ಲ. ಒಂದೇ ಕಾಲಿನ ಮೀನಖಂಡ ಊದಿ, ಬೆಚ್ಚಗಾಗಿ, ಮುಟ್ಟಿದರೆ ನೋಯುತ್ತಿದ್ದರೆ ಅದು ಬೆಟ್ಟ ಹತ್ತಿದ ನೋವಾಗಿರದೆ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದ ಲಕ್ಷಣವಾಗಿರಬಹುದು; ಅದರ ಮೇಲೆ ಯಂತ್ರ ಓಡಿಸುವುದು ಪ್ರಾಣಾಪಾಯ.

ಇನ್ನೊಂದು ಪ್ರಕರಣವನ್ನು ವ್ಯಾಯಾಮ ಮಾಡುವವರೆಲ್ಲರೂ ತಿಳಿದಿರಬೇಕು. ಚೀನಾ ಮೂಲದ ಯುವ ಸೈಕಲ್ ಸವಾರಳೊಬ್ಬಳಿಗೆ ಸವಾರಿಯ ನಂತರ ತೊಡೆಗಳಿಗೆ ಮಸಾಜ್ ಗನ್ ಬಳಸಲಾಯಿತು. ಬಳಿಕ ತೊಡೆಗಳು ವಿಪರೀತ ನೋಯತೊಡಗಿ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿತು. ಸ್ನಾಯುವಿನ ಜೀವಕೋಶಗಳು ಒಡೆದು ಅದರೊಳಗಿನ ದ್ರವ್ಯ ರಕ್ತಕ್ಕೆ ಸೇರುವ, ಮೂತ್ರಪಿಂಡಕ್ಕೆ ಕುತ್ತಾಗುವ ‘ರಾಬ್ಡೊಮಯೊಲಿಸಿಸ್’ ಎಂಬ ಸ್ಥಿತಿ ಅದು. ಇದು ಅಪರೂಪ, ಆದರೆ ಕಠಿಣ ವ್ಯಾಯಾಮದ ಬಳಿಕ ಮೂತ್ರ ಕಪ್ಪಾದರೆ, ಸ್ನಾಯು ಊದಿ ಬಲ ಕಳೆದುಕೊಂಡರೆ, ಗನ್ ಬಳಸಿದ್ದರೂ ಬಳಸದಿದ್ದರೂ, ಆ ದಿನವೇ ಆಸ್ಪತ್ರೆಗೆ ಹೋಗಬೇಕು.

ಹಣ ಹಾಕುವ ಮುನ್ನ

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಮುದ್ರಿಸುವುದು ವೇಗದ ಮಟ್ಟಗಳ ಸಂಖ್ಯೆಯನ್ನು. ಮೂವತ್ತು ಮಟ್ಟಗಳಿದ್ದರೂ ನೀವು ಬಳಸುವುದು ಮೊದಲಿನ ಎರಡು ಮೂರನ್ನು ಮಾತ್ರ. ನೋಡಬೇಕಾದದ್ದು ತಲೆ ಎಷ್ಟು ಮಿಲಿಮೀಟರ್ ಮುಂದೆ ಹೋಗುತ್ತದೆ ಎಂಬುದನ್ನು: ಅಗ್ಗದವುಗಳಲ್ಲಿ ಇದು 6ರಿಂದ 8, ದುಬಾರಿಯವುಗಳಲ್ಲಿ 12ರಿಂದ 16. ಕಡಿಮೆಯಿದ್ದರೆ ಚರ್ಮ ನಡುಗಿದಂತಾಗುತ್ತದೆ, ಹೆಚ್ಚಿದ್ದರೆ ಬಡಿತ ಆಳಕ್ಕೆ ಇಳಿಯುತ್ತದೆ, ಸಣಕಲು ಮೈಯವರಿಗೆ ಅದು ಒರಟೂ ಆಗುತ್ತದೆ. ಮೀನಖಂಡಕ್ಕೆ ಮಾತ್ರ ಬೇಕಿದ್ದರೆ ಅಡುಗೆಮನೆಯ ಲಟ್ಟಣಿಗೆಯೂ ತಕ್ಕಮಟ್ಟಿಗೆ ಕೆಲಸ ಮಾಡುತ್ತದೆ (ಮನೆಯವರ ಒಪ್ಪಿಗೆ ಪಡೆದೇ ತೆಗೆದುಕೊಳ್ಳಿ). ಒಮ್ಮೆ ಇಂಥ ನೋವು ಅನುಭವಿಸಿದ ಸ್ನಾಯುವಿಗೆ ಕೆಲವು ವಾರಗಳವರೆಗೆ ಅದೇ ಕೆಲಸ ಅಷ್ಟು ನೋವು ತರುವುದಿಲ್ಲ ಎಂಬುದೂ ಚೆನ್ನಾಗಿ ಸಾಬೀತಾಗಿರುವ ಸಂಗತಿ. ದೊಡ್ಡ ಬೆಟ್ಟಕ್ಕೆ ಮೂರು ವಾರ ಮೊದಲು ಸಣ್ಣ ಇಳಿಜಾರೊಂದನ್ನು ಇಳಿದು ಬರುವುದಕ್ಕೆ ಯಾವ ಯಂತ್ರವೂ ಸಾಟಿಯಲ್ಲ.

ಇಷ್ಟಾದ ಮೇಲೂ ಕೊಳ್ಳಬೇಕೆನಿಸಿದರೆ ಸ್ನೇಹಿತರಿಂದ ಒಂದನ್ನು ವಾರದ ಮಟ್ಟಿಗೆ ಎರವಲು ತನ್ನಿ. ಮುಂದಿನ ಸಲ ಕಾಲು ನೋಯುವಾಗ ಬಲಗಾಲಿಗೆ ಮಾತ್ರ ಬಳಸಿ, ಎಡಗಾಲನ್ನು ಹಾಗೆಯೇ ಬಿಡಿ. 24, 48 ಮತ್ತು 72 ಗಂಟೆಗಳಿಗೆ, ಗನ್ ಬಳಸುವ ಮೊದಲು, ಮನೆಯ ಮೆಟ್ಟಿಲನ್ನು ಒಂದೊಂದು ಕಾಲಿನ ಮೇಲೆ ಭಾರ ಹಾಕಿ ಇಳಿದು ನೋಡಿ, ಪ್ರತಿ ಕಾಲಿನ ನೋವಿಗೆ ಹತ್ತರಲ್ಲಿ ಅಂಕ ಬರೆದಿಡಿ. ಯಾವ ಕಾಲಿಗೆ ಬಳಸಿದ್ದೇವೆಂದು ಗೊತ್ತಿರುವುದರಿಂದ ಮನಸ್ಸು ಬಲಗಾಲಿನ ಪರ ಸ್ವಲ್ಪ ವಾಲುತ್ತದೆ. ಆದ್ದರಿಂದ ಒಂದು ಅಂಕದ ಅಂತರವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎರಡು ಅಥವಾ ಹೆಚ್ಚು ಅಂಕಗಳ ಅಂತರ ಆ ಮೂರರಲ್ಲಿ ಎರಡು ಸಲವಾದರೂ ಕಂಡರೆ ಮಾತ್ರ ಅಂಗಡಿಗೆ ಹೋಗಿ.