ಹೊಸ ರೂಪಾಂತರಿಯ ಸುದ್ದಿ ಬಂದಾಗ ಏನನ್ನು ನೋಡಬೇಕು

ಕೊರೊನಾ ವೈರಾಣುವಿನ ಹೊಸ ರೂಪಾಂತರಿ ಪತ್ತೆಯಾಗಿದೆ ಎಂಬ ಸುದ್ದಿ ಬಂದಾಗ, ಅದರ ಹೆಸರನ್ನು ಬದಿಗಿಟ್ಟು, ಆ ಮಾದರಿಯನ್ನು ಯಾವ ದಿನ ಸಂಗ್ರಹಿಸಲಾಗಿತ್ತು ಎಂಬುದನ್ನು ಮೊದಲು ಹುಡುಕಿ. ಗಂಟಲು ದ್ರವವನ್ನು ತೆಗೆದ ದಿನಕ್ಕೂ ಅದರ ಜೀನೋಮ್ ಸೀಕ್ವೆನ್ಸಿಂಗ್ (ವೈರಾಣುವಿನ ಇಡೀ ವಂಶವಾಹಿ ಸರಣಿಯನ್ನು ಓದುವ ಪರೀಕ್ಷೆ) ಮುಗಿದು ಫಲಿತಾಂಶವು ಗಿಸೇಡ್‌ನಂತಹ ಅಂತರರಾಷ್ಟ್ರೀಯ ದತ್ತಾಂಶ ಭಂಡಾರವನ್ನು ಸೇರುವ ದಿನಕ್ಕೂ ನಡುವೆ ಕೆಲವು ವಾರಗಳೇ ಕಳೆದಿರಬಹುದಾದ್ದರಿಂದ, ಇಂದು ಪತ್ತೆಯಾಯಿತು ಎಂದು ಓದಿದ ತಳಿಯು ಊರಿನಲ್ಲಿ ಆಗಲೇ ಓಡಾಡಿಕೊಂಡಿರುವ ಸಾಧ್ಯತೆ ಹೆಚ್ಚು. 2021ರ ಡಿಸೆಂಬರ್ 2ರಂದು ದೇಶದ ಮೊದಲ ಎರಡು ಒಮಿಕ್ರಾನ್ ಪ್ರಕರಣಗಳು ಕರ್ನಾಟಕದಲ್ಲಿ ಕಂಡುಬಂದಿವೆ ಎಂದು ಪ್ರಕಟವಾದಾಗ ಎಲ್ಲರ ಗಮನ ‘ಮೊದಲ’ ಎಂಬ ಪದದ ಮೇಲಿತ್ತು. ಆದರೆ ಅವರಲ್ಲಿ ಒಬ್ಬರು ಯಾವ ವಿದೇಶಕ್ಕೂ ಹೋಗಿ ಬಂದಿರಲಿಲ್ಲ ಎಂಬುದೇ ಆ ಸುದ್ದಿಯ ತಿರುಳಾಗಿತ್ತು. ಸೋಂಕು ಸ್ಥಳೀಯವಾಗಿ ಹರಡತೊಡಗಿದೆ ಎಂದು ಅದೊಂದರಿಂದಲೇ ಊಹಿಸಬಹುದಿತ್ತು.

ಹೆಸರಿನ ವಿಚಾರದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಅಕ್ಷರ ಮತ್ತು ಅಂಕಿಗಳಿರುವ ಹೆಸರು ವಂಶಾವಳಿಯನ್ನು ತಿಳಿಸುತ್ತದೆ; ಅಂಕಿಗಳ ಸಾಲು ಉದ್ದವಾದಾಗ ಹೊಸ ಅಕ್ಷರಗಳಿಂದ ಅದನ್ನು ಮೊಟಕುಗೊಳಿಸುತ್ತಾರೆ. ಹೀಗಾಗಿ ಜೆಎನ್.1 ಎಂಬುದು ಬಿಎ.2.86.1.1ರ ಚಿಕ್ಕ ಹೆಸರಷ್ಟೇ, ಅಂದರೆ ಒಮಿಕ್ರಾನ್ ಸಂತತಿಯೇ. ಎಕ್ಸ್‌ಬಿಬಿಯಂತೆ ‘ಎಕ್ಸ್’ನಿಂದ ಆರಂಭವಾಗುವ ಹೆಸರಿದ್ದರೆ ಅದು ಎರಡು ತಳಿಗಳು ಬೆರೆತು ಹುಟ್ಟಿದ್ದು ಎಂದು ತಿಳಿಯಬೇಕು. ಪತ್ರಿಕೆಗಳು ಇಡುವ ಅಡ್ಡಹೆಸರುಗಳನ್ನು ಮಾತ್ರ ನೆಚ್ಚಬಾರದು. 2021ರ ಮಾರ್ಚ್‌ನಲ್ಲಿ ‘ಡಬಲ್ ಮ್ಯುಟೆಂಟ್’ ಎಂದು ಹೆಸರಾದ ಬಿ.1.617ರ ಗುರುತಾಗಿದ್ದ ಎರಡು ಬದಲಾವಣೆಗಳ ಪೈಕಿ ಒಂದು, ಮುಂದೆ ದೇಶವನ್ನೇ ಆವರಿಸಿದ ಬಿ.1.617.2ರಲ್ಲಿ, ಅಂದರೆ ಡೆಲ್ಟಾದಲ್ಲಿ, ಇರಲೇ ಇಲ್ಲ.

ಶೇಕಡಾವಾರು ಲೆಕ್ಕ ಕಂಡಾಗ, ಎಷ್ಟು ಮಾದರಿಗಳಲ್ಲಿ ಎಂಬ ಪ್ರಶ್ನೆಯನ್ನು ಕೇಳಲೇಬೇಕು. ಮೂರು ಮಾದರಿಗಳಲ್ಲಿ ಎರಡು ಹೊಸ ತಳಿಯವಾದರೂ, ಮುನ್ನೂರರಲ್ಲಿ ಇನ್ನೂರಾದರೂ ಪಾಲು ಶೇ 67ರಷ್ಟೇ ಆಗುತ್ತದೆ. ಮೊದಲನೆಯದರಿಂದ ಏನನ್ನೂ ತೀರ್ಮಾನಿಸಲಾಗದು. ಸಾಕಷ್ಟು ಮಾದರಿಗಳಿದ್ದರೆ ವಾರವಾರದ ಪಾಲನ್ನು, ವರದಿಯಾದ ದಿನಾಂಕದ ಬದಲು ಸಂಗ್ರಹದ ದಿನಾಂಕದ ಪ್ರಕಾರ, ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಫಲಿತಾಂಶಗಳು ಇನ್ನೂ ಬರುತ್ತಲೇ ಇರುವುದರಿಂದ ತೀರಾ ಇತ್ತೀಚಿನ ಎರಡು ವಾರಗಳನ್ನು ಪೆನ್ಸಿಲಿನಲ್ಲಿ ಬರೆದರೆ ಸಾಕು. ಪಾಲು ಶೇ 5ರಿಂದ 10ಕ್ಕೆ, ಅಲ್ಲಿಂದ 17ಕ್ಕೆ, ಮತ್ತೆ 30ಕ್ಕೆ ಹೀಗೆ ಏರುತ್ತಿದ್ದರೆ, ಹಳೆಯ ತಳಿಗಳಿಗೆ ಹೋಲಿಸಿದಾಗ ಹೊಸದರ ಪ್ರಮಾಣ ವಾರಕ್ಕೆ ಸುಮಾರು ಇಮ್ಮಡಿಯಾಗುತ್ತಿದೆ ಎಂದರ್ಥ, ಮತ್ತು ಅದು ಬೇಗನೆ ಉಳಿದವುಗಳನ್ನು ಹಿಂದಿಕ್ಕುತ್ತದೆ.

ಇಷ್ಟಕ್ಕೇ ಅಲೆ ಬಂತೆಂದು ಹೇಳುವಂತಿಲ್ಲ. ಒಂದು ವಾರದ 1000 ಪ್ರಕರಣಗಳಲ್ಲಿ ಶೇ 5 ಹೊಸ ತಳಿಯವು ಎಂದಿಟ್ಟುಕೊಳ್ಳಿ, ಅಂದರೆ 50. ಕೆಲವು ವಾರಗಳ ಬಳಿಕ ಒಟ್ಟು ಪ್ರಕರಣಗಳು 200ಕ್ಕೆ ಇಳಿದು ಹೊಸ ತಳಿಯ ಪಾಲು ಶೇ 25 ಆಗಿದ್ದರೆ, ಆಗಲೂ ಅದರ ಸಂಖ್ಯೆ 50 ಮಾತ್ರ. ಪಾಲು ಐದು ಪಟ್ಟಾಯಿತು ಎಂಬ ಶೀರ್ಷಿಕೆ ಸುಳ್ಳಲ್ಲ. ಆದರೆ ಅಲ್ಲಿ ನಡೆದಿರುವುದು ಹಳೆಯ ತಳಿಗಳ ಇಳಿಕೆ. ಆದ್ದರಿಂದ ಪಾಲನ್ನು ಒಟ್ಟು ಪ್ರಕರಣಗಳಿಂದ ಗುಣಿಸಿ ನೋಡುವ ಅಭ್ಯಾಸವಿರಲಿ. ಈ ಇಡೀ ವಿಷಯದಲ್ಲಿ ಒಂದೇ ಒಂದು ಲೆಕ್ಕವನ್ನು ಕಲಿಯುವುದಾದರೆ ಇದನ್ನೇ ಕಲಿಯಿರಿ ಎನ್ನುತ್ತೇನೆ.

ಮಾದರಿಗಳನ್ನು ಹೇಗೆ ಆರಿಸಲಾಗಿದೆ ಎಂಬುದೂ ಫಲಿತಾಂಶವನ್ನು ಬದಲಿಸುತ್ತದೆ. ವಿಮಾನ ನಿಲ್ದಾಣದಲ್ಲಿ ಸೋಂಕು ದೃಢಪಟ್ಟವರ ಮಾದರಿಗಳನ್ನೇ ಹೆಚ್ಚಾಗಿ ಸೀಕ್ವೆನ್ಸಿಂಗ್‌ಗೆ ಕಳುಹಿಸಿದರೆ ಹೊರಗಿನಿಂದ ಬರುವ ತಳಿಯ ಪಾಲು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಕೇಂದ್ರ ಸರ್ಕಾರವು 2020ರ ಡಿಸೆಂಬರ್‌ನಲ್ಲಿ ಹತ್ತು ಪ್ರಯೋಗಾಲಯಗಳೊಂದಿಗೆ ಆರಂಭಿಸಿದ, ಬೆಂಗಳೂರಿನ ನಿಮ್ಹಾನ್ಸ್ ಕೂಡ ಇದ್ದ, ಕೊರೊನಾ ವೈರಾಣುವಿನ ಸೀಕ್ವೆನ್ಸಿಂಗ್‌ಗಾಗಿಯೇ ಇರುವ ಇನ್ಸಾಕಾಗ್ ಜಾಲದ ವರದಿಗಳನ್ನು ಓದುವಾಗಲೂ ಈ ಪ್ರಶ್ನೆ ಮನಸ್ಸಿನಲ್ಲಿರಬೇಕು. ಶೀಘ್ರ ಸೂಚನೆಗಳಿಗೂ ಆಯುಷ್ಯವಿದೆ: ಕೆಲವು ಆರ್‌ಟಿ-ಪಿಸಿಆರ್ ಕಿಟ್‌ಗಳಲ್ಲಿ ಒಮಿಕ್ರಾನ್‌ನ ಬಿಎ.1 ಉಪತಳಿಗೆ ಸ್ಪೈಕ್ ವಂಶವಾಹಿಯ ಗುರುತು ಸಿಗುತ್ತಿರಲಿಲ್ಲವಾದ್ದರಿಂದ, ಸೀಕ್ವೆನ್ಸಿಂಗ್‌ಗೆ ಕಾಯದೆಯೇ ಅದರ ಹರಡುವಿಕೆಯನ್ನು ಅಂದಾಜಿಸಬಹುದಿತ್ತು, ಬಿಎ.2 ಬಂದಾಗ ಆ ಗುರುತು ಮತ್ತೆ ಕಾಣಿಸಿಕೊಂಡು ಉಪಾಯ ಕೈಕೊಟ್ಟಿತು.

ಅಲೆಗಳನ್ನು ಹೋಲಿಸುವಾಗ ದಿನದ ಪ್ರಕರಣಗಳ ಸಂಖ್ಯೆಯೊಂದನ್ನೇ ಹಿಡಿದು ಕೂರಬಾರದು ಎಂಬುದಕ್ಕೆ ಕರ್ನಾಟಕದ ಅಂಕಿಗಳಿಗಿಂತ ಒಳ್ಳೆಯ ಉದಾಹರಣೆ ಬೇಡ. ರಾಜ್ಯದಲ್ಲಿ 2021ರ ಮೇ 5ರಂದು 50,112 ಹೊಸ ಪ್ರಕರಣಗಳು ವರದಿಯಾದವು, ಅಂದು ದಾಖಲಾದ ಸಾವುಗಳು 346. 2022ರ ಜನವರಿ 23ರಂದು 50,210 ಪ್ರಕರಣಗಳು, ಸಾವುಗಳು 19. ಸಾವು ಸೋಂಕಿಗಿಂತ ಎರಡು-ಮೂರು ವಾರ ತಡವಾಗಿ ಬರುತ್ತದೆಯಾದ್ದರಿಂದ ಅದೇ ದಿನದ ಎರಡು ಅಂಕಿಗಳನ್ನು ಭಾಗಿಸುವುದು ತಪ್ಪು ಲೆಕ್ಕ. ಆದರೂ ಮೇ ತಿಂಗಳಲ್ಲಿ ಮುಂದೆ ದಿನಕ್ಕೆ 500ಕ್ಕೂ ಹೆಚ್ಚು ಸಾವುಗಳು ದಾಖಲಾದ ಸ್ಥಿತಿ 2022ರ ಅಲೆಯಲ್ಲಿ ಬರಲಿಲ್ಲ. ಲಸಿಕೆ, ಹಿಂದಿನ ಸೋಂಕಿನಿಂದ ಬಂದ ರೋಗನಿರೋಧಕ ಶಕ್ತಿ ಮತ್ತು ತಳಿಯ ಸ್ವಭಾವ ಈ ಮೂರೂ ಇದರ ಹಿಂದಿದ್ದು, ಯಾವುದರ ಪಾಲು ಎಷ್ಟೆಂದು ದಿನದ ಬುಲೆಟಿನ್ನಿನಿಂದ ತಿಳಿಯುವುದಿಲ್ಲ. ಹಾಗಾಗಿ ಆಸ್ಪತ್ರೆ ದಾಖಲಾತಿ, ಆಮ್ಲಜನಕದ ಹಾಸಿಗೆ ಮತ್ತು ಐಸಿಯು ಭರ್ತಿಯ ಅಂಕಿಗಳನ್ನು ಪ್ರತ್ಯೇಕ ಸಾಲಿನಲ್ಲಿ ಬರೆದುಕೊಳ್ಳಿ. ಭಾನುವಾರ ಪರೀಕ್ಷೆಗಳು ಕಡಿಮೆಯಾಗಿ ಸೋಮವಾರದ ಸಂಖ್ಯೆ ಕುಸಿಯುವುದನ್ನು ಇಳಿಮುಖವೆಂದು ಭ್ರಮಿಸದಿರಲು ಏಳು ದಿನಗಳ ಸರಾಸರಿ ಸಾಕು.

ಈಗ ಪರೀಕ್ಷೆ ಮಾಡಿಸುವವರೇ ವಿರಳ. ಮನೆಯಲ್ಲಿ ಕಿಟ್ ಬಳಸಿದವರ ಫಲಿತಾಂಶ ಸಾಮಾನ್ಯವಾಗಿ ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಜ್ವರ, ಉಸಿರಾಟದ ತೊಂದರೆ ಇರುವವರನ್ನೇ ಪರೀಕ್ಷಿಸಿದಾಗ ಪಾಸಿಟಿವಿಟಿ ದರ, ಅಂದರೆ ಪರೀಕ್ಷಿಸಿದವರಲ್ಲಿ ಸೋಂಕು ದೃಢಪಟ್ಟವರ ಪಾಲು, ಹೆಚ್ಚಾಗಿಯೇ ಇರುತ್ತದೆ. ಇಂತಹ ಕಾಲದಲ್ಲಿ ಒಳಚರಂಡಿ ನೀರಿನ ಪರೀಕ್ಷೆಯೇ ಹೆಚ್ಚು ವಿಶ್ವಾಸಾರ್ಹ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಪರೀಕ್ಷೆಗೆ ಹೋಗಬೇಕೋ ಬೇಡವೋ ಎಂಬ ಯಾರ ನಿರ್ಧಾರವನ್ನೂ ಅದು ಅವಲಂಬಿಸುವುದಿಲ್ಲ. ಬೆಂಗಳೂರಿನಲ್ಲಿ 2022ರ ಜನವರಿಯಿಂದ ಜೂನ್‌ವರೆಗೆ, ಸುಮಾರು 1.1 ಕೋಟಿ ಜನರ ತ್ಯಾಜ್ಯನೀರು ಸೇರುವ 28 ಶುದ್ಧೀಕರಣ ಘಟಕಗಳಿಂದ ಮಾದರಿ ತೆಗೆದು ವೈರಾಣುವಿನ ಪ್ರಮಾಣವನ್ನೂ ತಳಿಗಳನ್ನೂ ಅಧ್ಯಯನ ಮಾಡಲಾಗಿತ್ತು. ಇಂತಹ ಅಂಕಿಗಳಿಂದ ಸೋಂಕಿತರನ್ನು ಎಣಿಸಲು ಹೋಗಬೇಡಿ. ಮಳೆನೀರು ಸೇರಿದರೂ ಪ್ರಮಾಣ ತೆಳುವಾಗುತ್ತದೆ. ಒಂದು ಘಟಕದ ಈ ವಾರದ ಪ್ರಮಾಣವನ್ನು ಅದೇ ಘಟಕದ ಹಿಂದಿನ ವಾರಗಳೊಂದಿಗೆ ಮಾತ್ರ ಹೋಲಿಸಿ.

ವಿಶ್ವ ಆರೋಗ್ಯ ಸಂಸ್ಥೆಯು ತಳಿಗಳನ್ನು ನಿಗಾದಲ್ಲಿರುವವು, ಗಮನಾರ್ಹವಾದವು, ಕಳವಳಕಾರಿಯಾದವು ಎಂದು ವಿಂಗಡಿಸುತ್ತದೆ. 2023ರ ಡಿಸೆಂಬರ್‌ನಲ್ಲಿ ಜೆಎನ್.1 ಸೇರಿದ್ದು ಎರಡನೆಯ ಗುಂಪಿಗೆ. ಮೊದಲ ಗುಂಪಿಗೆ ಸೇರಿದ ಹೆಸರೊಂದು ಮುಖಪುಟಕ್ಕೆ ಬಂದಾಗ ಪುಸ್ತಕದಲ್ಲಿ ಹೊಸ ಸಾಲು ತೆರೆದರೆ ಸಾಕು. ನಿಮ್ಮ ಜಿಲ್ಲೆಯಲ್ಲಿ ಹೊಸ ತಳಿಯ ಸಂಖ್ಯೆ ಮತ್ತು ಆಸ್ಪತ್ರೆಗೆ ದಾಖಲಾಗುವವರ ಸಂಖ್ಯೆ ಎರಡೂ ಎರಡು ವಾರ ಸತತವಾಗಿ ಏರಿದರೆ ಮಾತ್ರ ಜನಸಂದಣಿಯಲ್ಲಿ ಮಾಸ್ಕ್ ಧರಿಸಲು ಆರಂಭಿಸಿ, ಮನೆಯಲ್ಲಿ ಮಧುಮೇಹ ಅಥವಾ ಶ್ವಾಸಕೋಶದ ಕಾಯಿಲೆಯಿರುವ ಹಿರಿಯರಿದ್ದರೆ ಅವರ ಲಸಿಕೆ ಮತ್ತು ಔಷಧಗಳ ವಿಚಾರವನ್ನು ವೈದ್ಯರಲ್ಲಿ ಮುಂಚಿತವಾಗಿಯೇ ಕೇಳಿಟ್ಟುಕೊಳ್ಳಿ.