ಸರ್ಫಿಂಗೋ, ಕಯಾಕಿಂಗೋ: ಹೊಸಬರು ಆರಿಸಿಕೊಳ್ಳುವ ಬಗೆ

ಮಂಗಳೂರು, ಉಡುಪಿ ಕಡೆ ಜಲಕ್ರೀಡೆಯೊಂದನ್ನು ಕಲಿಯಬಯಸುವವರು ಸಾಮಾನ್ಯವಾಗಿ ಎರಡರ ನಡುವೆ ತೊಳಲುತ್ತಾರೆ: ಮೂಲ್ಕಿ, ಸಸಿಹಿತ್ಲು ಕಡಲಿನಲ್ಲಿ ಹಲಗೆಯ ಮೇಲೆ ನಿಂತು ತೆರೆಯೊಂದಿಗೆ ಸಾಗುವ ಸರ್ಫಿಂಗ್, ಇಲ್ಲವೇ ಶಾಂಭವಿ ನದಿಯಲ್ಲೋ ಸಾಲಿಗ್ರಾಮದ ಬಳಿಯ ಸೀತಾನದಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆಯೋ ಕಿರುದೋಣಿಯಲ್ಲಿ ಕುಳಿತು ಹುಟ್ಟು ಹಾಕುವ ಕಯಾಕಿಂಗ್. ಎರಡಕ್ಕೂ ಪೂರ್ವಾನುಭವ ಬೇಕಿಲ್ಲ.

ಮೊದಲು ಯೋಚಿಸಬೇಕಾದದ್ದು, ಪದೇ ಪದೇ ನೀರಿಗೆ ಬೀಳಲು ತಾವು ಸಿದ್ಧರೇ ಎಂಬುದನ್ನು. ಹಲಗೆಯ ಮೇಲೆ ಬೋರಲು ಮಲಗಿ, ಕೈಗಳಿಂದ ನೀರನ್ನು ಹಿಂದಕ್ಕೆ ತಳ್ಳುತ್ತಾ ಸಾಗಿ, ಹಿಂದಿನಿಂದ ಬಂದ ನೊರೆತೆರೆ ಹಲಗೆಯನ್ನು ಮುಂದಕ್ಕೆ ನೂಕಿದೊಡನೆ ಅಂಗೈಗಳನ್ನು ಎದೆಯ ಪಕ್ಕದಲ್ಲಿ ಊರಿ ಒಮ್ಮೆಲೇ ಎದ್ದು ನಿಲ್ಲುವುದೇ ಸರ್ಫಿಂಗಿನ ಮೊದಲ ಪಾಠ. ಅದು ಕೈಗೂಡುವವರೆಗೆ ನಿಲ್ಲುವುದಕ್ಕಿಂತ ಬೀಳುವುದೇ ಹೆಚ್ಚು. ಸೊಂಟದಷ್ಟು ಆಳದ ನೀರಿನಲ್ಲಿ, 8-9 ಅಡಿ ಉದ್ದದ ಮೃದುವಾದ ಫೋಮ್ ಹಲಗೆಯಿಂದ ಆರಂಭಿಸಬೇಕು. ಭುಜ, ಬೆನ್ನು ನೋಯುತ್ತವೆ. ಸಸಿಹಿತ್ಲುವಿನಂತಹ ಅಳಿವೆಯ (ನದಿ ಕಡಲು ಸೇರುವ ಜಾಗದ) ಸಮೀಪದಲ್ಲಿ ಕಡಲೊಳಕ್ಕೆ ಎಳೆಯುವ ಸೆಳೆತವೂ ಇರುವುದರಿಂದ ಈಜು ಬಲ್ಲವರಿಗೂ ತರಬೇತುದಾರರು ಜೊತೆಗಿರಲೇಬೇಕು. ಸೆಳೆತಕ್ಕೆ ಸಿಕ್ಕಿದರೆ ಹಲಗೆಯನ್ನು ಬಿಡದೆ, ದಡಕ್ಕೆ ಸಮಾನಾಂತರವಾಗಿ ಸರಿದು ಹೊರಬರಬೇಕು.

ಕಯಾಕಿಂಗಿನಲ್ಲಿ ಮೊದಲ ಗಂಟೆಯಲ್ಲೇ ದೋಣಿ ಹಿಡಿತಕ್ಕೆ ಬರುತ್ತದೆ. ಬೆನ್ನು ನೇರವಾಗಿರಲಿ, ತೋಳುಗಳಿಂದಷ್ಟೇ ಅಲ್ಲ, ಸೊಂಟದಿಂದ ಮೇಲಿನ ಮೈಯನ್ನು ತಿರುಗಿಸಿ ಹುಟ್ಟು ಹಾಕಿದರೆ ಬೇಗ ದಣಿವಾಗದು. ಆದರೆ ನಮ್ಮ ನದಿಗಳಲ್ಲಿ ಭರತ-ಇಳಿತಗಳನ್ನು ಕೇಳಿ ತಿಳಿಯದೆ ಹೊರಡಬಾರದು. ಇಳಿತದಲ್ಲಿ ನೀರು ಅಳಿವೆಯತ್ತ ಹರಿಯುತ್ತದೆ, ಕಾಂಡ್ಲಾ ನಡುವಿನ ಕಿರುದಾರಿಗಳಲ್ಲಿ ಕೆಸರು ಮೇಲೇಳುತ್ತದೆ. ಆದ್ದರಿಂದ ಮೈಯಲ್ಲಿ ಕಸುವಿರುವಾಗಲೇ ಹರಿವಿನ ವಿರುದ್ಧ ಸಾಗಿ, ಮರಳುವಾಗ ಹರಿವಿನೊಂದಿಗೆ ಬರುವುದು ಕ್ಷೇಮ.

ಈಜು ಬಾರದವರು, ಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು ಹೋಗುವವರು ಲೈಫ್ ಜಾಕೆಟ್ಟಿನ ಎಲ್ಲ ಪಟ್ಟಿಗಳನ್ನೂ ಬಿಗಿದುಕೊಂಡು ಕಯಾಕಿಂಗನ್ನೇ ಆರಿಸಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. (ಕಡಲ ಬದಿಯಲ್ಲೇ ಬೆಳೆದವರಲ್ಲೂ ಈಜು ಬಾರದವರು ಅನೇಕರಿದ್ದಾರೆ, ಅದನ್ನು ತರಬೇತುದಾರರಿಗೆ ಹೇಳಲು ಸಂಕೋಚಪಡಬಾರದು.) ಈಜು ಬಲ್ಲವರು, ತೆರೆಯ ಮೇಲೆ ಆಸೆಯಿಟ್ಟವರು ಮಾತ್ರ ಮೊದಲು ನದಿಯಲ್ಲಿ ಪಳಗೋಣವೆಂದು ಕಾಯಬೇಕಿಲ್ಲ, ಕುಳಿತು ಹುಟ್ಟು ಹಾಕುವ ಅಭ್ಯಾಸ ಹಲಗೆಯ ಮೇಲೆ ಎದ್ದು ನಿಲ್ಲಲು ಅಷ್ಟಾಗಿ ನೆರವಾಗದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಕಡಲು ಹೊಸಬರದ್ದಲ್ಲ, ತುಂಬಿ ಹರಿಯುವ ನದಿಯೂ ಅಲ್ಲ. ಅಕ್ಟೋಬರ್ ನಂತರ, ಗಾಳಿ ಬಲಿಯುವ ಮುನ್ನ, ಬೆಳಗಿನ ಹೊತ್ತಿನ ಪಾಠಕ್ಕೆ ಹೆಸರು ನೋಂದಾಯಿಸಿಕೊಳ್ಳಬಹುದು.