ಫೈಲ್ ಸರ್ವರ್, ಪ್ರಿಂಟ್ ಸರ್ವರ್: ಬೆಳೆಯುತ್ತಿರುವ ಕಚೇರಿಗೆ ಯಾವುದು ಸರಿ?

ಮೂರು ಕಂಪ್ಯೂಟರ್ ಇದ್ದಾಗ ಒಂದರಲ್ಲಿ ಫೋಲ್ಡರ್ ಶೇರ್ ಮಾಡಿ, ಅದಕ್ಕೇ ಪ್ರಿಂಟರ್ ಜೋಡಿಸಿದರೆ ಸಾಕು. ಎಂಟು-ಹತ್ತು ಆದ ಮೇಲೆ ತಾಪತ್ರಯ ಶುರು. ಆ ಕಂಪ್ಯೂಟರ್ ಅಪ್‌ಡೇಟ್ ಆಗಿ ರೀಸ್ಟಾರ್ಟ್ ಆದರೆ ಎಲ್ಲರ ಫೈಲೂ ಪ್ರಿಂಟೂ ಒಟ್ಟಿಗೇ ನಿಲ್ಲುತ್ತವೆ. ವಿಂಡೋಸ್ 10, 11 ಏಕಕಾಲಕ್ಕೆ 20ಕ್ಕಿಂತ ಹೆಚ್ಚು ಸಂಪರ್ಕ ಕೊಡುವುದೂ ಇಲ್ಲ. ಹಾಗಾಗಿ ಫೈಲಿಗೆ ಬೇರೆ ದಾರಿ (ಫೈಲ್ ಸರ್ವರ್, ಅಂದರೆ ಎಲ್ಲರ ಫೈಲ್ ಇಡುವ ಯಂತ್ರ), ಪ್ರಿಂಟಿಗೆ ಬೇರೆ ದಾರಿ ಮಾಡಿ.

ಮೊದಲು ಜಾಗದ ಲೆಕ್ಕ. ಈಗ 500 ಜಿಬಿ ಇದ್ದು, ವರ್ಷಕ್ಕೆ 200 ಜಿಬಿ ಬೆಳೆಯುತ್ತಿದ್ದರೆ ಮೂರು ವರ್ಷಕ್ಕೆ 1.1 ಟಿಬಿ. ಹಳೆಯ ಪ್ರತಿಗಳಿಗೂ ಜಾಗ ಬೇಕಾದ್ದರಿಂದ ಇದರ ದುಪ್ಪಟ್ಟು ಹಿಡಿಯಿರಿ. ಎರಡು ಡಿಸ್ಕ್ ಹಿಡಿಸುವ ನ್ಯಾಸ್ ಪೆಟ್ಟಿಗೆಗೆ (ನೆಟ್‌ವರ್ಕ್‌ಗೆ ಜೋಡಿಸಿ ಎಲ್ಲರೂ ಬಳಸುವ ಫೈಲ್ ಸಂಗ್ರಹ) 4 ಟಿಬಿ ಡಿಸ್ಕ್ ಎರಡು ಹಾಕಿ ರೇಡ್ 1ರಲ್ಲಿ (ಒಂದೇ ಡೇಟಾ ಎರಡೂ ಡಿಸ್ಕಿನಲ್ಲಿ) ಇಟ್ಟರೆ ಸಾಕಾಗುತ್ತದೆ. ಡಿಸ್ಕ್ ಕೊಳ್ಳುವಾಗ ಸಿಎಂಆರ್ ಮಾದರಿಯನ್ನೇ (ಡೇಟಾ ಸಾಲುಗಳು ಒಂದರ ಮೇಲೊಂದು ಬರದಂತೆ ಬರೆಯುವುದು; ಎಸ್‌ಎಂಆರ್‌ನಲ್ಲಿ ಅವು ಭಾಗಶಃ ಒಂದರ ಮೇಲೊಂದು ಬರುತ್ತವೆ) ಕೇಳಿ. ಎಸ್‌ಎಂಆರ್ ಡಿಸ್ಕ್‌ನಲ್ಲಿ ಒಂದೇ ಸಮನೆ ಬರೆಯುವ ಕೆಲಸ ತೀರಾ ನಿಧಾನ. ಕೆಟ್ಟ ಡಿಸ್ಕ್ ಬದಲಿಸಿದಾಗ ಮರುಜೋಡಣೆ ದಿನಗಟ್ಟಲೆ ಎಳೆಯಬಹುದು. ಎಲ್ಲರ ಲಾಗಿನ್ ಒಂದೇ ಕಡೆಯಿಂದ ನಿಯಂತ್ರಿಸಬೇಕು, ಇಲ್ಲವೇ ಡೇಟಾಬೇಸ್ ತಂತ್ರಾಂಶ ಓಡಿಸಬೇಕು ಎಂದಾದರೆ ಮಾತ್ರ ವಿಂಡೋಸ್ ಸರ್ವರ್‌ಗೆ ದುಡ್ಡು ಹಾಕಿ.

ರೇಡ್ ಬ್ಯಾಕಪ್ ಅಲ್ಲ. ಅಳಿಸಿದ ಫೈಲ್ ಎರಡೂ ಡಿಸ್ಕಿನಿಂದ ಅಳಿಯುತ್ತದೆ, ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ದುಷ್ಟ ತಂತ್ರಾಂಶ) ಬಂದರೆ ಎರಡೂ ಹಾಳು. ದಿನವೂ ಸ್ನ್ಯಾಪ್‌ಶಾಟ್ (ಆ ಕ್ಷಣದಲ್ಲಿ ಫೈಲುಗಳು ಇದ್ದ ಸ್ಥಿತಿಯ ದಾಖಲೆ) ಇರಲಿ. ಜತೆಗೆ ಎರಡು ಯುಎಸ್‌ಬಿ ಡಿಸ್ಕ್ ಇಟ್ಟುಕೊಂಡು ವಾರಕ್ಕೊಂದರಂತೆ ಬದಲಿಸಿ, ಒಂದು ಸದಾ ಕಚೇರಿಯ ಹೊರಗಿರಲಿ. ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಒಂದು ಫೋಲ್ಡರ್ ವಾಪಸ್ ತೆಗೆದು, ಫೈಲ್ ತೆರೆದೇ ನೋಡಿ. ಮನೆಯಿಂದ ಕೆಲಸ ಮಾಡಬೇಕೆಂದು ನ್ಯಾಸನ್ನು ಇಂಟರ್ನೆಟ್‌ಗೆ ನೇರವಾಗಿ ತೆರೆಯಬೇಡಿ, ವಿಪಿಎನ್ (ಕಚೇರಿ ನೆಟ್‌ವರ್ಕ್‌ಗೆ ಸುರಕ್ಷಿತ ಖಾಸಗಿ ಸಂಪರ್ಕ) ಬಳಸಿ. 2022ರಲ್ಲಿ ನ್ಯಾಸ್‌ಗಳ ಮೇಲಾದ ಡೆಡ್‌ಬೋಲ್ಟ್ ರ‍್ಯಾನ್ಸಮ್‌ವೇರ್ ದಾಳಿಗೆ ಸಿಕ್ಕಿದ್ದು ಹಾಗೆ ತೆರೆದಿಟ್ಟ ಪೆಟ್ಟಿಗೆಗಳೇ.

'ಸರ್ವರ್ ಸ್ಲೋ' ಎಂಬ ದೂರಿನ ಮೂಲ ಎಷ್ಟೋ ಸಲ ಕೇಬಲ್‌ನಲ್ಲಿರುತ್ತದೆ. ಗಿಗಾಬಿಟ್ ವೇಗಕ್ಕೆ ಕೇಬಲಿನ ಎಂಟೂ ತಂತಿ ಸರಿಯಿರಬೇಕು. ಒಂದು ತಂತಿಯ ಕ್ರಿಂಪಿಂಗ್ (ತುದಿಯ ಪ್ಲಗ್ಗಿಗೆ ಒತ್ತಿ ಕೂರಿಸಿದ ಜೋಡಣೆ) ಸಡಿಲವಾದರೂ ಸಂಪರ್ಕ ಕಡಿಯದೆ 100 ಎಂಬಿಪಿಎಸ್‌ಗೆ ಇಳಿಯಬಹುದು. ಆಗ ಸೆಕೆಂಡಿಗೆ 110 ಎಂಬಿ ಬರಬೇಕಾದಲ್ಲಿ 11 ಎಂಬಿ ಬರುತ್ತದೆ. ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಲಿಂಕ್ ಸ್ಪೀಡ್ 1000 ಇದೆಯೇ ನೋಡಿ. ಟ್ಯಾಲಿ ಡೇಟಾ ಸರ್ವರ್‌ನಲ್ಲಿದ್ದರೆ ಆ ಕಂಪ್ಯೂಟರ್‌ಗಳಿಗೆ ವೈಫೈ ಬೇಡವೇ ಬೇಡ. ಎಂಟ್ರಿ ಬರೆಯುವ ನಡುವೆ ಸಂಪರ್ಕ ತಪ್ಪಿದರೆ ಡೇಟಾ ಕೆಡಬಹುದು.

ಇಷ್ಟು ಸಣ್ಣ ಕಚೇರಿಗೆ ಪ್ರತ್ಯೇಕ ಪ್ರಿಂಟ್ ಸರ್ವರ್ (ಎಲ್ಲರ ಪ್ರಿಂಟ್ ಕೆಲಸ ಪಡೆದು ಪ್ರಿಂಟರ್‌ಗೆ ಕಳಿಸುವ ಕಂಪ್ಯೂಟರ್) ಅಗತ್ಯವಿಲ್ಲ. ಈಥರ್ನೆಟ್ ಪೋರ್ಟ್ ಇರುವ ಪ್ರಿಂಟರನ್ನು ನೆಟ್‌ವರ್ಕ್ ಸ್ವಿಚ್‌ಗೆ ಹಾಕಿ, ರೂಟರ್‌ನಲ್ಲಿ ಅದಕ್ಕೊಂದು ಐಪಿ (ನೆಟ್‌ವರ್ಕ್ ವಿಳಾಸ) ಕಾಯ್ದಿರಿಸಿ. ಕಂಪ್ಯೂಟರ್‌ಗಳಲ್ಲಿ 'ಟಿಸಿಪಿ/ಐಪಿ ಪೋರ್ಟ್' ಆರಿಸಿ, ಆ ಐಪಿಯಿಂದಲೇ ಪ್ರಿಂಟರ್ ಸೇರಿಸಿ. ಐಪಿ ಕಾಯ್ದಿರಿಸದಿದ್ದರೆ ಕರೆಂಟ್ ಹೋಗಿ ಬಂದಾಗ ಅದು ಬದಲಾಗಿ ಪ್ರಿಂಟರ್ 'ಆಫ್‌ಲೈನ್' ಎನ್ನಬಹುದು. ಹಳೆಯ ಜೆರಾಕ್ಸ್ ಮಷಿನ್‌ನಿಂದ ಸ್ಕ್ಯಾನ್ ಫೋಲ್ಡರ್‌ಗೆ ಹೋಗುತ್ತಿಲ್ಲವೆಂದರೆ, ಅದಕ್ಕೆ ಎಸ್‌ಎಂಬಿ 1 (ಫೈಲ್ ಹಂಚಿಕೆಯ ಹಳೆಯ, ಅಸುರಕ್ಷಿತ ವಿಧಾನ) ಮಾತ್ರ ಗೊತ್ತಿರುವ ಸಾಧ್ಯತೆ ಹೆಚ್ಚು. ಅದೊಂದಕ್ಕಾಗಿ ನ್ಯಾಸ್‌ನಲ್ಲಿ ಆ ಅಪಾಯದ ಬಾಗಿಲು ತೆರೆಯಬೇಡಿ. ಸ್ಕ್ಯಾನ್ ಫೋಲ್ಡರ್‌ಗೆ ಮಾತ್ರ ಎಫ್‌ಟಿಪಿ (ಫೈಲ್ ಕಳಿಸುವ ಇನ್ನೊಂದು ವಿಧಾನ) ಕೊಡಿ. ಕನ್ನಡ ಪತ್ರಗಳು ಹಳೆಯ ನುಡಿ ಫಾಂಟ್‌ನಲ್ಲಿದ್ದರೆ ಆ ಫಾಂಟನ್ನು ಪ್ರತಿ ಕಂಪ್ಯೂಟರ್‌ಗೂ ಹಾಕಿ, ಇಲ್ಲದಿದ್ದರೆ ಸರ್ವರ್‌ನಿಂದ ತೆರೆದ ಪತ್ರ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ.

ಇನ್ವರ್ಟರ್ ಇದೆಯಲ್ಲ ಎಂದು ಯುಪಿಎಸ್ ಬಿಡಬೇಡಿ. ಇನ್ವರ್ಟರ್‌ಗೆ ಬದಲಾಗುವ ಕ್ಷಣದಲ್ಲೇ ನ್ಯಾಸ್ ರೀಸ್ಟಾರ್ಟ್ ಆಗಬಹುದು. ಯುಎಸ್‌ಬಿ ಸಂಪರ್ಕವಿರುವ 600 ವಿಎ ಯುಪಿಎಸ್ ತನ್ನಿ. ಬ್ಯಾಟರಿ ಇಳಿದಾಗ ನ್ಯಾಸ್ ತಾನೇ ಸರಿಯಾಗಿ ಮುಚ್ಚಿಕೊಳ್ಳುತ್ತದೆ. ಆ ಮಾದರಿ ನ್ಯಾಸ್ ತಯಾರಕರ ಪಟ್ಟಿಯಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಸ್ವಿಚ್, ರೂಟರ್ ಕೂಡ ಅದರಲ್ಲೇ ಇರಲಿ. ಲೇಸರ್ ಪ್ರಿಂಟರ್ ಮಾತ್ರ ಅದಕ್ಕೆ ಹಾಕಬೇಡಿ: ಫ್ಯೂಸರ್ (ಶಾಯಿಪುಡಿಯನ್ನು ಕಾಗದಕ್ಕೆ ಅಂಟಿಸುವ ಬಿಸಿ ಭಾಗ) ಬಿಸಿಯಾಗುವಾಗ ಎಳೆಯುವ ಕರೆಂಟಿಗೆ ಯುಪಿಎಸ್ ಟ್ರಿಪ್ ಆಗಿ ನ್ಯಾಸ್ ಕೂಡ ಆರಿಹೋಗಬಹುದು.